ಗಿಲಾವು ಕೀಳುವ ಮುಂಚೆ

ಯಾರಾದರೂ ಗೋಡೆಗೆ ಸುತ್ತಿಗೆ ಎತ್ತಿದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಎದ್ದು ಹೋಗಿ ಗೋಡೆಯ ಆ ಮಗ್ಗುಲಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ ಬರಲೇಬೇಕು. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆದರೂ ಅಷ್ಟೇ. ಮೊಣಕಾಲು ಕಿರುಗುಟ್ಟಲಿ, ಕೋಲು ಊರಬೇಕಾಗಲಿ, ಹೋಗುವುದು ಬಿಡುವುದಿಲ್ಲ. ಮೊಮ್ಮಕ್ಕಳು ಇದಕ್ಕೆ ‘ಆಯಿಯ ಚೆಕಿಂಗ್’ ಎಂದು ಹೆಸರಿಟ್ಟಿದ್ದಾರೆ. ಇಡಲಿ ಬಿಡಿ, ಅವರಿಗೂ ನಗಲಿಕ್ಕೆ ಏನಾದರೂ ಬೇಕಲ್ಲ.

ಮೊನ್ನೆ ಕಲಬುರ್ಗಿಯ ನನ್ನ ಮಗನ ಮನೆಯ ಬಚ್ಚಲದಲ್ಲಿ ನಳದ ಕೆಳಗೆ ಗೋಡೆಗೆ ಬಡಿದ ಸಿಮೆಂಟಿನ ಗಿಲಾವು ಉಬ್ಬಿ ನಿಂತಿತು. ಒಳಗೆಲ್ಲೋ ಪೈಪು ಸೋರಿ, ಗೋಡೆ ನೀರು ಕುಡಿದು, ಬಣ್ಣ ಹಪ್ಪಳದಂತೆ ಎದ್ದಿತ್ತು. ಸ್ನಾನಕ್ಕೆ ಹೋದಾಗೆಲ್ಲ ನಾನು ಉಗುರಿನಿಂದ ಕೆರೆದು ಕೆರೆದು ಅದನ್ನು ದೊಡ್ಡದು ಮಾಡಿದೆ ಎಂದು ಸೊಸೆಯ ದೂರು. ದೂರು ಖರೆಯೇ. ಕಡೆಗೆ ಒಬ್ಬ ಗೌಂಡಿ ಬಂದ. ಕೆಟ್ಟ ಗಿಲಾವನ್ನೆಲ್ಲ ಕಿತ್ತು ಹೊಸದು ಬಡಿಯಬೇಕು ಅಂದ. ಉಳಿ ಇಟ್ಟು ಸುತ್ತಿಗೆ ಎತ್ತುವಷ್ಟರಲ್ಲಿ ನಾನು ಪಡಸಾಲೆಯಿಂದಲೇ ಕೂಗಿದೆ.

"ಏ ತಮ್ಮಾ, ನಿಂದರು! ಒಳಗ ಯಾರರ ಅದಾರೇನು ನೋಡಿದಿ?"

"ಒಳಗ ನಾನಽ ಅದೀನಿ ಆಯಿ," ಅಂದ ಅವನು.

ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಎದ್ದು ಹಿಂದಿನ ಸಂದಿಗೆ ಹೋಗಿ, ಗೋಡೆಯ ಹೊರಮಗ್ಗುಲು ನೋಡಿ ಬಂದು, "ಈಗ ಹೊಡಿ" ಅಂದೆ. ಗೌಂಡಿ ಸೊಸೆಯ ಮುಖ ನೋಡಿದ. ಮುದುಕಿಗೆ ಅರುಳೋ ಮರುಳೋ ಎಂಬ ನೋಟ ಅದು. ಈ ವಯಸ್ಸಿನಲ್ಲಿ ಅಂಥ ನೋಟಗಳು ಮೈಗೆ ಹತ್ತುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಸೇಡಂ ತಾಲೂಕಿನ ಆಡಕಿಯಲ್ಲಿ. ಅಲ್ಲಿ ನಮ್ಮ ಬಚ್ಚಲಕ್ಕೆ ಗೋಡೆ ಎಂಬುದೇ ಇರಲಿಲ್ಲ. ಹಿತ್ತಲಲ್ಲಿ ಒಂದು ಹಾಸುಗಲ್ಲು, ಮೂರು ಕಡೆಗೆ ತೊಗರಿಕಟ್ಟಿಗೆಯ ತಡಿಕೆ, ನಾಲ್ಕನೆಯ ಕಡೆಗೆ ಅವ್ವನ ಹಳೆಯ ಸೀರೆ. ಗಾಳಿ ಬಿಟ್ಟರೆ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮೈ ತೊಳೆಯಬೇಕು. ಹಂಡೆಯ ಉರಿಗೂ ಅದೇ ತೊಗರಿಕಟ್ಟಿಗೆ. ಅವಸರವಾದರೆ ತಡಿಕೆಯಿಂದಲೇ ನಾಲ್ಕು ಕಡ್ಡಿ ಎಳೆದು ಒಲೆಗೆ ತುರುಕುತ್ತಿದ್ದೆವು. ಹೊಲದಿಂದ ಹೊಸ ಕಟ್ಟಿಗೆ ಬರುವಷ್ಟರಲ್ಲಿ ನಮ್ಮ ಮಾನ ಮುಚ್ಚುವ ತಡಿಕೆಯನ್ನು ನಾವೇ ಅರ್ಧ ಸುಟ್ಟಿರುತ್ತಿದ್ದೆವು. ಚೇಳುಗಳಿಗೂ ಆ ತಡಿಕೆಯೇ ಮನೆ. ನಾನು ಸ್ನಾನದ ಹಾಡು ಕಲಿತದ್ದಕ್ಕಿಂತ ಮೊದಲು ಸ್ನಾನದಲ್ಲಿ ಚೀರುವುದನ್ನು ಕಲಿತೆ.

ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ನನ್ನ ಲಗ್ನದ್ದೇ ಚಿಂತೆ. ಶಹಾಬಾದಿನ ಸಂಬಂಧ ಬಂದಾಗ ಹೋಗಿ ಮನೆ ನೋಡಿ ಬಂದು, "ಗ್ವಾಡಿ ಇರೋ ಬಚ್ಚಲ ಅದ ನೋಡವ್ವಾ ನಿನಗ. ಇನ್ನೇನು ಬೇಕು?" ಅಂದ. ನನಗೂ ಇನ್ನೇನೂ ಬೇಕೆನಿಸಲಿಲ್ಲ. ಗಂಡನ ಮುಖ ನೋಡದೆ ಬಚ್ಚಲದ ಗೋಡೆಗೆ ಒಪ್ಪಿ ಲಗ್ನವಾದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಆಗ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷ ಕಳೆದಿತ್ತು. ನಮ್ಮದು ಇನ್ನೂ ಹೈದರಾಬಾದ್ ರಾಜ್ಯವೇ. ರಜಾಕಾರರ ಗದ್ದಲ ಮುಗಿದಿದ್ದರೂ ಸಂಜೆಯಾದರೆ ಜನ ಬಾಗಿಲು ಹಾಕಿಕೊಳ್ಳುವ ರೂಢಿ ಬಿಟ್ಟಿರಲಿಲ್ಲ. ನಮ್ಮ ಮನೆಯವರು ಶಹಾಬಾದಿನ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಚೀಲ ತುಂಬುವ ಕಡೆ ಕೆಲಸಕ್ಕಿದ್ದರು. ಹುಬ್ಬು ರೆಪ್ಪೆಯೆಲ್ಲ ಬೂದಿಬಣ್ಣ. ಅವರ ಹೆಸರನ್ನು ನಾನು ಹೇಳುವುದಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿ ಬೆಳೆದವಳು ನಾನು. ಈಗ ಸವೆಯಲಿಕ್ಕೆ ಆಯುಷ್ಯವೇ ಉಳಿದಿಲ್ಲ, ಆದರೂ ನಾಲಿಗೆ ಏಳುವುದಿಲ್ಲ. ಅವರ ಅವ್ವನ ಬಾಯಲ್ಲಿ ಬಂದಾಗ ನೀವೇ ಕೇಳಿಕೊಳ್ಳಿ.

ಶಹಾಬಾದಿನಲ್ಲಿ ನೆಲ ಅಗೆದರೆ ಫರಸಿ ಕಲ್ಲು. ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆ ಕಲ್ಲು, ರೊಟ್ಟಿ ಬುಟ್ಟಿ ಇಡುವ ಹಲಗೆಯೂ ಕಲ್ಲು. ಅಂಥ ಊರಿನಲ್ಲಿ ನಮ್ಮ ಬಚ್ಚಲದ ಓಣಿ ಕಡೆಯ ಗೋಡೆ ಮಾತ್ರ ಮಣ್ಣಿನದು. ಆಳೆತ್ತರದ, ಎರಡು ಮೊಳ ದಪ್ಪದ ಹಳೆಯ ಗೋಡೆ. ಕಲ್ಲಿನದು ಕಟ್ಟೋಣವೆಂದರೆ ನಮ್ಮ ಅತ್ತೆ ಶರಣಮ್ಮ ಒಪ್ಪುತ್ತಿರಲಿಲ್ಲ. ಯಾಕೆಂಬುದು ನನಗೆ ಮನೆ ಹೊಕ್ಕ ಮರುದಿನ ಬೆಳಿಗ್ಗೆಯೇ ಗೊತ್ತಾಯಿತು. ಅತ್ತೆ ನನ್ನನ್ನು ಸ್ನಾನಕ್ಕೆ ಕರೆದೊಯ್ದು, ಗೋಡೆಯ ಮೇಲೆ ಎದೆಮಟ್ಟದಲ್ಲಿ ಸಾಲಾಗಿದ್ದ ಐದು ಸಣ್ಣ ಕುಳಿಗಳನ್ನು ತೋರಿಸಿದರು.

"ಮಲ್ಲಮ್ಮಾ, ನೀರು ಎಲ್ಲಿ ಬೇಕಾದಲ್ಲಿ ಚೆಲ್ಲು, ಇಲ್ಲಿ ಮಾತ್ರ ಸಿಡಿಸಬ್ಯಾಡ. ಇವರು ನಿನ್ನ ಭಾವಂದಿರು. ಇಕಿ ನಿನ್ನ ನಾದಿನಿ. ಈ ಬಾಗಿಲ ಕಡೀದು ನಮ್ಮ ಈರಣ್ಣಂದು."

ಅವು ಕೂಸುಗಳ ಹಿಮ್ಮಡಿಯ ಗುರುತುಗಳು. ಹೆರಿಗೆಯಾದ ಐದನೆಯ ದಿನ ಸಟವಿ ಎಂಬ ದೇವತೆ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆಂದು ನಮ್ಮ ಕಡೆಯ ಹೆಂಗಸರು ನಂಬುತ್ತಾರೆ. ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ, ಎಲ್ಲರ ಬಾಯಲ್ಲೂ ಬಸವಣ್ಣ. ಸಟವಿಗಿಟವಿ ಎಲ್ಲ ಸುಳ್ಳು ಎಂದು ಗಂಡಸರು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದರು. ಪಡಸಾಲೆಯ ಮಾತು ಬಚ್ಚಲದವರೆಗೆ ಬರುತ್ತಿರಲಿಲ್ಲ, ಅಷ್ಟೇ. ಅತ್ತೆಯ ಮನೆತನದಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಬಾಣಂತಿಗೆ ನೀರೆರೆಯುವ ಜಾಗದ ಗೋಡೆಗೆ ಅಂಗೈಯಗಲ ಹಸಿಮಣ್ಣು ಮೆತ್ತಿ, ಕೂಸಿನ ಹಿಮ್ಮಡಿಯನ್ನು ಸುಣ್ಣ ಅರಿಶಿಣದಲ್ಲಿ ಅದ್ದಿ, ಹೆರಿಗೆ ಮಾಡಿಸಿದ ದಾಯಿ ಅದರೊಳಗೆ ಒತ್ತುತ್ತಿದ್ದಳು. ಸುಣ್ಣ ಅರಿಶಿಣ ಕೂಡಿ ಕೆಂಪಾಗುತ್ತಿತ್ತು. ಒಣಗಿದ ಮೇಲೆ ಆ ಕೆಂಪು ಕುಳಿ ವರ್ಷಾನುಗಟ್ಟಲೆ ಉಳಿಯುತ್ತಿತ್ತು.

ಐವರಲ್ಲಿ ಮೊದಲ ಮೂವರು ಸಣ್ಣವರಿರುವಾಗಲೇ ಹೋದರು. ಇಬ್ಬರಿಗೆ ಸಿಡುಬು, ಹೆಣ್ಣುಕೂಸಿಗೆ ವಾಂತಿಭೇದಿ. ನಾಲ್ಕನೆಯವನು ಬಸಣ್ಣ. ಬೆಳೆದು ಮೀಸೆ ಬಂದವನು. ರಜಾಕಾರರ ಕಾಲದಲ್ಲಿ ಒಂದು ದಿನ ಗೆಳೆಯರ ಜೊತೆ ವಾಡಿಗೆ ಹೋಗಿ ರೈಲು ಹತ್ತಿದನಂತೆ, ಸೊಲ್ಲಾಪುರದ ಕಡೆ ಹೈದರಾಬಾದ್ ರಾಜ್ಯದ ಗಡಿ ದಾಟಲಿಕ್ಕೆ. ಗೆಳೆಯರು ತಿರುಗಿ ಬಂದರು, ಅವನು ಬರಲಿಲ್ಲ. ದಾರಿಯಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ನೀರಿಗೆಂದು ಇಳಿದವನನ್ನು ಮತ್ತೆ ನೋಡಲಿಲ್ಲ ಎಂದರು. ಸತ್ತನೆಂದು ಹೇಳುವವರಿಲ್ಲ, ಬದುಕಿದ್ದಾನೆ ಎನ್ನುವವರೂ ಇಲ್ಲ. ಐದನೆಯವರು ನಮ್ಮ ಮನೆಯವರು. ಅತ್ತೆ ದಿನಾ ಜಳಕವಾದ ಮೇಲೆ ಆ ಮೂಲೆಯಿಂದ ಬಾಗಿಲ ಕಡೆಗೆ ಒಂದೊಂದೇ ಕುಳಿಯೊಳಗೆ ಬೆರಳಿಟ್ಟು ತೆಗೆದು, ಆಮೇಲೆ ಹೊರಗೆ ಬರುತ್ತಿದ್ದರು. ನಾಲ್ಕನೆಯದರಲ್ಲಿ ಬೆರಳು ತುಸು ಹೊತ್ತು ನಿಲ್ಲುತ್ತಿತ್ತು.

ಈಗ ಸಿಮೆಂಟಿನ ಕಥೆಗೆ ಬರುತ್ತೇನೆ. ಆ ಕಾಲದ ಶಹಾಬಾದಿನಲ್ಲಿ ಸಿಮೆಂಟಿನ ಹುಚ್ಚು ಎಷ್ಟಿತ್ತೆಂದರೆ, ಹರಿದ ಚೀಲದ್ದು ಒಂದು ಬುಟ್ಟಿ ಮನೆಗೆ ಬಂತೆಂದರೆ ಗಂಡಸರು ಥಾಪಿ ಹಿಡಿದು ಬಳಿಯಲಿಕ್ಕೆ ಜಾಗ ಹುಡುಕುತ್ತಿದ್ದರು. ಎತ್ತಿನ ಗ್ವಾದಲಿಗೆ ಸಿಮೆಂಟು, ಒಳಕಲ್ಲಿನ ಸುತ್ತ ಸಿಮೆಂಟು, ಕೋಳಿ ಮುಚ್ಚುವ ಗೂಡಿಗೂ ಸಿಮೆಂಟು. ನಮ್ಮ ಪಕ್ಕದ ಮನೆಯವನೊಬ್ಬ ಬೇವಿನ ಮರದ ಪೊಟರೆಗೆ ಬಳಿದ. ನಮ್ಮವರ ಕಣ್ಣು ಬಚ್ಚಲದ ಮಣ್ಣಿನ ಗೋಡೆಯ ಮೇಲೆ ಬಿತ್ತು. ಹಸಿಯಾಗಿ ಉದುರುತ್ತಿದ್ದ ಆ ಗೋಡೆಯ ಒಳಮಗ್ಗುಲಿಗೆ ಎರಡು ಬೆರಳು ದಪ್ಪದ ಗಿಲಾವು ಬಡಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನನ್ನ ಮಕ್ಕಳ ಮ್ಯಾಲೆ ಬಡದೀ ಅಂದ್ರ ನೋಡು" ಅಂದದ್ದಕ್ಕೆ ಐದು ಗುರುತಿನ ಸಾಲನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರು. ನುಣ್ಣಗಿನ ಬೂದುಗೋಡೆಯ ನಡುವೆ ಮಣ್ಣಿನ ಒಂದು ಪಟ್ಟಿ. ನಮ್ಮವರು ಮುಷ್ಟಿಯಿಂದ ಗುದ್ದಿ ನೋಡಿ, "ಮಜಬೂತ್ ಆತು. ಇನ್ನ ಮೊಮ್ಮಕ್ಕಳ ಕಾಲಕ್ಕೂ ಚಿಂತಿಲ್ಲ" ಅಂದರು.

ಮಣ್ಣಿನ ಗೋಡೆಗೆ ಉಸಿರಾಡಲು ಬಿಡಬೇಕು ಎಂಬುದು ನಮಗಾರಿಗೂ ಹೊಳೆಯಲಿಲ್ಲ. ಸಿಮೆಂಟಿನ ಊರಿನವರು ನಾವು, ಸಿಮೆಂಟು ಕೆಡುಕು ಮಾಡೀತೆಂದು ಅಂದುಕೊಳ್ಳುವುದು ಹೇಗೆ? ಗುರುತುಗಳ ಪಟ್ಟಿಯ ಅಂಚಿನಿಂದ ದಿನಾ ಒಂದಿಷ್ಟು ನೀರು ಗಿಲಾವಿನ ಹಿಂದೆ ಇಳಿಯಿತು. ಹೊರಬರಲು ದಾರಿ ಸಿಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬಸುರಿಯಂತೆ ಉಬ್ಬಿತು. ಆಗ ನಾನೂ ಬಸುರಿ. "ಇಬ್ಬರಾಗ ಯಾರು ಮೊದಲು?" ಎಂದು ಪಕ್ಕದ ಮನೆಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಚೊಚ್ಚಲು ತವರಿನಲ್ಲಾಗಬೇಕು. ನನ್ನ ತವರಿನಲ್ಲಿ ಅವ್ವ ಇರಲಿಲ್ಲ. ಹಾಗಾಗಿ ಬಾಣಂತನ ಇಲ್ಲೇ, ಈ ಬಚ್ಚಲದಲ್ಲೇ. ದಿನ ತುಂಬುತ್ತ ಬಂದಂತೆ ನಮ್ಮವರಿಗೆ ಗೋಡೆಯ ಭಯ ಹಿಡಿಯಿತು. ಒಂದು ಮಧ್ಯಾಹ್ನ ಉಳಿ ಸುತ್ತಿಗೆ ತಂದು ಒಳಗಿನ ಗಿಲಾವು ಕೀಳಲು ಕೂತರು. ಬೆರಳ ಗಂಟಿನಿಂದ ಬಡಿದರೆ ಡಬ್ ಡಬ್ ಎಂದು ಟೊಳ್ಳು ದನಿ. ಉಳಿ ಸಂದಿಗೆ ಇಟ್ಟದ್ದೇ ತಡ, ಗಿಲಾವು ಹೆಂಚಿನ ಮೇಲಿಂದ ರೊಟ್ಟಿ ಎದ್ದಂತೆ ದೊಡ್ಡ ದೊಡ್ಡ ತುಂಡಾಗಿ ಎದ್ದು ಬಂತು. ಅದರ ಹಿಂದೆ ಗೋಡೆ ಇರಲಿಲ್ಲ, ಕೆಸರಿತ್ತು. ಕರಿ ಕೆಸರು, ಬಿಳಿ ಉಪ್ಪಿನ ಬೂಸು, ಗೆದ್ದಲು, ಒಂದು ತಾಯಿ ಚೇಳು. ವಾಸನೆಗೆ ನಾನು ಸೆರಗು ಮೂಗಿಗೆ ಒತ್ತಿಕೊಂಡು ಹೊರಗೆ ಓಡಿದೆ. ಗಿಲಾವು ಬಡಿಯದೆ ಬಿಟ್ಟಿದ್ದ ಗುರುತುಗಳ ಪಟ್ಟಿಯ ಮೈ ಮಾತ್ರ ಗಾಳಿಗೆ ಒಣಗಿ ಗಟ್ಟಿಯಾಗಿತ್ತು.

ಆ ಸಂಜೆ ತಾಯಿ ಮಗನ ನಡುವೆ ಮಾತಿಗೆ ಮಾತು ಬೆಳೆಯಿತು.

"ಯವ್ವಾ, ಇದು ನಿಂದ್ರಂಗಿಲ್ಲ. ಓಣಿ ಕಡಿಂದ ಹಾರಿ ಹಾಕಿ ಪೂರಾ ಕೆಡವತೀನಿ," ಅಂದರು ನಮ್ಮವರು. ಹಾರಿ ಎಂದರೆ ಕಲ್ಲು ಮೀಟುವ ಕಬ್ಬಿಣದ ಸಲಾಕೆ.

"ಇಷ್ಟು ವರ್ಷ ನಿಂತದ. ಈಗೇನು ಧಾಡಿ ಬಂತು ಅದಕ್ಕ?"

"ಇಷ್ಟು ವರ್ಷ ನಾ ಸಿಮೆಂಟ್ ಬಡದಿದ್ದಿಲ್ಲ."

"ಯಾರು ಬಡಿ ಅಂದಿದ್ರು ನಿನಗ?"

"ಯವ್ವಾ, ನಾಳೆ ಈಕಿ ಹಡದು ಅಲ್ಲಿ ಕುಂತಾಗ ಮೈಮ್ಯಾಲೆ ಬಿದ್ರ? ಕೂಸಿನ ಮ್ಯಾಲೆ ಬಿದ್ರ?"

ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು. ದನಿ ಇಳಿಯಿತು. "ಮೂರು ನನ್ನ ಕೈಯಾರ ಮಣ್ಣಿಗೆ ಕೊಟ್ಟೀನಿ, ಅವು ಹೋದ್ರ ಹೋಗ್ಲಿ. ಬಸಣ್ಣಂದು ಅದನಲ್ಲೋ ಈರಣ್ಣಾ. ನಾಳೆ ಅಂವ ಬಂದು, ಯವ್ವಾ ನನ್ನ ಗುರುತೆಲ್ಲಿ ಅಂದ್ರ ಏನು ಹೇಳ್ಲಿ? ನೀ ಸತ್ತೀ ಅಂತ ತಿಳಕೊಂಡು ಕೆಡವಿದ್ವಿ ಅನ್ಲೇನು?"

ನಮ್ಮವರು ಉಳಿ ಸುತ್ತಿಗೆ ಎತ್ತಿ ಮೂಲೆಗೆ ಇಟ್ಟರು.

"ಅಷ್ಟು ಭಾಗ ಕೊರದು ಕೊಡು ನನಗ. ಬುಟ್ಟಿಯಾಗ ಇಟ್ಕೋತೀನಿ," ಅಂದರು ಅತ್ತೆ.

"ಕೊರೀಬೇಕಂದ್ರ ಅದರ ಬುಡಕಽ ನಿಂದ್ರಬೇಕು. ನಾ ನಿಂದ್ರಂಗಿಲ್ಲ, ನಿನ್ನೂ ನಿಂದ್ರಗೊಡಂಗಿಲ್ಲ. ಇನ್ನ ಒಳಗ ಯಾರೂ ಕಾಲಿಡಬ್ಯಾಡ್ರಿ."

ಅತ್ತೆ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಮಾತ್ರ ಹಿತ್ತಲಲ್ಲಿ ಮೈ ತೊಳೆದು, ಹಣೆತುಂಬ ವಿಭೂತಿ ಧರಿಸಿ, ಸಮಾಧಾನದ ಮುಖ ಮಾಡಿಕೊಂಡು ಬಂದು ಮಗನಿಗೆ ಹೇಳಿದರು: "ಕೆಡವಪ್ಪಾ. ನಾ ಮಠಕ್ಕ ಹೋಗಿ ಕುಂದರ್ತೀನಿ. ನನಗ ನೋಡಲಿಕ್ಕಾಗಲ್ಲ." ಮುಂಬಾಗಿಲಿನಿಂದ ಹೊರಟರು. ಅವರು ಓಣಿ ತಿರುಗುವುದನ್ನು ನಾವಿಬ್ಬರೂ ನೋಡಿದೆವು. ನಮ್ಮವರು ಹಾರಿ ಹೆಗಲಿಗಿಟ್ಟುಕೊಂಡು ಹಿಂದಿನ ಓಣಿಗೆ ಹೋದರು. ನಾನು ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಕೇರುತ್ತ ಕೂತೆ.

ಹಾರಿಯ ಪೆಟ್ಟು ದಮ್ ದಮ್ ಎಂದು ಕೇಳುತ್ತಿತ್ತು. ಆಮೇಲೆ ಮೂಟೆಯನ್ನು ನೆಲಕ್ಕೆ ಒಗೆದಂಥ ಒಂದು ಸದ್ದು. ಅದರ ಹಿಂದೆಯೇ ಓಣಿಯಿಂದ ನಮ್ಮವರ ದನಿ ಬಂತು. ಖುಷಿಯ ದನಿ.

"ಬಿತ್ತು ನೋಡು! ಒಂದಽ ಸಲಕ್ಕ ಬಿತ್ತು!"

ನೋಡೋಣವೆಂದು ನಾನು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಬಚ್ಚಲದ ಬಾಗಿಲ ಹೊರಗೆ ಅತ್ತೆಯ ರೊಟ್ಟಿಬುಟ್ಟಿ ಇತ್ತು. ಬುಟ್ಟಿಯಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಮೂರು ಮಣ್ಣಿನ ಹೆಂಟೆ ಇಟ್ಟಿತ್ತು. ಒಂದೊಂದರಲ್ಲೂ ಒಂದೊಂದು ಕೆಂಪು ಕುಳಿ.

ಓಣಿಯಲ್ಲಿ ಅವರು ಇನ್ನೂ ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದರು. ನಾನು ಆ ಬುಟ್ಟಿಯನ್ನು ಎತ್ತಿಕೊಂಡು ನಿಂತೆ. ಅವರು ಬಂದು ನನ್ನ ಮುಖ ನೋಡಿದರು, ಬುಟ್ಟಿ ನೋಡಿದರು, ಗೋಡೆ ಬಿದ್ದ ಜಾಗ ನೋಡಿದರು. ಆಮೇಲೆ ಹಾರಿ ಬಿಟ್ಟು ಎರಡು ಕೈಯಿಂದ ತೋಡಲಿಕ್ಕೆ ಹತ್ತಿದರು.

ಅತ್ತೆ ಮಠದ ದಾರಿಯಿಂದ ತಿರುಗಿ, ಪಕ್ಕದವರ ಹಿತ್ತಲಿನಿಂದ ಒಳಗೆ ಬಂದಿದ್ದರು. ಒಳಗೆ ಕಳೆ ತೆಗೆಯುವ ಖುರಪಿಯಿಂದ ಕೊರೆಯುವ ಸದ್ದು ಹೊರಗಿನವರಿಗೆ ಕೇಳಲಿಲ್ಲ. ಹೊರಗಿನ ಹಾರಿಯ ಸದ್ದು ಅವರಿಗೆ ಕೇಳಿರಲೇಬೇಕು. ಕೇಳಿಯೂ ನಿಲ್ಲಿಸಲಿಲ್ಲ. ಕೂಗಿದ್ದರೆ ಮಗ ಹೊರಗೆಳೆದು ಬಿಡುತ್ತಾನೆಂದು ಗೊತ್ತಿತ್ತು. ದಿನಾ ಬೆರಳಿಡುವ ಕ್ರಮದಲ್ಲೇ ಆ ಮೂಲೆಯಿಂದ ಒಂದೊಂದಾಗಿ ಕೊರೆದಿದ್ದರು. ಕೆಸರಿನಿಂದ ತೆಗೆದಾಗ ಅವರ ಬಲಗೈ ಮುಷ್ಟಿಯಾಗಿತ್ತು. ಅದನ್ನು ಬಿಡಿಸಲು ನಾಲ್ಕು ಜನ ಹೆಂಗಸರು ಬೇಕಾಯಿತು. ಒಳಗೆ ಬಸಣ್ಣನ ಹೆಂಟೆ ಇತ್ತು.

ಬಾಗಿಲ ಕಡೆ ಕಂಬಕ್ಕೆ ಆತುಕೊಂಡು ಗೋಡೆಯ ಒಂದು ಮೋಟು ಉಳಿದಿತ್ತು. ಅದರ ಮೇಲೆ ಐದನೆಯದು, ನಮ್ಮವರದು, ಹಾಗೇ ಇತ್ತು. ನಮ್ಮವರು ಅದನ್ನೇ ನೋಡುತ್ತ ಕೂತಿದ್ದರು.

"ನನ್ನ ಪಾಳಿ ಬರೂದರಾಗ ನಾನಽ ಕೆಡವಿಬಿಟ್ನೆಲ್ಲ ಮಲ್ಲಮ್ಮ."

ಅತ್ತೆಯನ್ನು ಸಮಾಧಿಯಲ್ಲಿ ಕೂಡಿಸುವಾಗ ಎಡಗೈಯಲ್ಲಿ ಲಿಂಗ ಇಟ್ಟರು. ನಾಲ್ಕು ಹೆಂಟೆಗಳನ್ನು ಮಡಿಲಿಗೆ ಹಾಕಿ ಎಂದು ನಮ್ಮವರು ಮಠದ ಅಯ್ಯನವರ ಕಾಲು ಹಿಡಿದ ಮೇಲೆ ಅವನ್ನೂ ಇಟ್ಟರು. ಅದೇ ವಾರ ನನಗೆ ಹೆಣ್ಣುಕೂಸು ಹುಟ್ಟಿತು. ಲಿಂಗವಂತರಿಗೆ ಸೂತಕವಿಲ್ಲ ಎಂದು ಹಿರಿಯರು ಹೇಳಿದರು. ಮೈಲಿಗೆ ಇಲ್ಲದಿರಬಹುದು, ಆ ಮನೆಯಲ್ಲಿ ಒಂದು ವರ್ಷ ಯಾರೂ ದೊಡ್ಡ ದನಿಯಲ್ಲಿ ಮಾತಾಡಲಿಲ್ಲ. ಐದನೆಯ ದಿನ ದಾಯಿ ನಾಗಮ್ಮ ಸುಣ್ಣ ಅರಿಶಿಣ ಕಲಸಿಕೊಂಡು ಬಂದು, ಗೋಣಿತಾಟು ಕಟ್ಟಿದ ಬಚ್ಚಲದಲ್ಲಿ ಅತ್ತ ಇತ್ತ ನೋಡಿ, "ಎಲ್ಲಿ ಒತ್ತಲವ್ವಾ?" ಅಂದಳು. ಫರಸಿ ಕಲ್ಲಿಗೆ ಒತ್ತು ಅಂದೆ. ಒತ್ತಿದಳು. ಮರುದಿನ ನೀರೆರೆದಾಗ ಹರಿದು ಹೋಯಿತು. ಆಮೇಲೆ ಹುಟ್ಟಿದ ಮೂವರದೂ ಹಾಗೇ ಹೋಯಿತು. ನನ್ನ ನಾಲ್ಕೂ ಮಕ್ಕಳು ಬದುಕಿವೆ, ಯಾವುದರ ಗುರುತೂ ಇಲ್ಲ. ಅದಕ್ಕೆ ನಾನು ಅಳಬೇಕೋ ನಗಬೇಕೋ ಇವತ್ತಿಗೂ ತಿಳಿದಿಲ್ಲ.

ಹೊಸ ಗೋಡೆಯನ್ನು ನಮ್ಮವರೇ ಕಲ್ಲಿನಿಂದ ಕಟ್ಟಿದರು. ಆ ಮಣ್ಣಿನ ಮೋಟನ್ನು ಮಾತ್ರ ಕೆಡವಲಿಲ್ಲ. ಅದರ ಮೇಲೆ ಗಿಲಾವು ಬಡಿಯಲೂ ಇಲ್ಲ. ಪ್ರತಿ ಮಳೆಗಾಲಕ್ಕೆ ಆ ಮೂಲೆಯಿಂದ ನೀರು ಇಳಿಯುತ್ತಿತ್ತು, ಪ್ರತಿ ದಸರೆಗೆ ಸುತ್ತಲಿನ ಮಣ್ಣು ಮೆತ್ತಿ ಸರಿ ಮಾಡುತ್ತಿದ್ದರು. "ನೀವೂ ನಿಮ್ಮ ಅವ್ವನಂಗಽ" ಎಂದು ನಾನು ಒಮ್ಮೆ ರೇಗಿದೆ. "ಹೌದು" ಅಂದರು. ದಿನಾ ಜಳಕವಾದ ಮೇಲೆ ಆ ಕುಳಿಯಲ್ಲಿ ಬೆರಳಿಟ್ಟು ತೆಗೆದು ಹೊರಗೆ ಬರುತ್ತಿದ್ದರು. ಅಷ್ಟು ದೊಡ್ಡ ಗಂಡಸಿನ ಬೆರಳಿಗೆ ಅವನದೇ ಹಿಮ್ಮಡಿಯ ಕುಳಿ ಸಾಲುತ್ತಿರಲಿಲ್ಲ. ಬಸಣ್ಣ ಬರಲೇ ಇಲ್ಲ.

ನಮ್ಮವರು ತೀರಿಕೊಂಡ ಬೆಳಿಗ್ಗೆ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆ ನಡೆದಿತ್ತು. ನಾನು ಎದ್ದು ಅತ್ತೆಯ ಖುರಪಿ ಹುಡುಕಿ ತೆಗೆದೆ. ದೊಡ್ಡ ಮಗಳನ್ನು ಓಣಿಗೆ ಕಳಿಸಿದೆ.

"ಹೊರಗಿನ ಕಡಿ ಗ್ವಾಡಿ ಹಂತೇಕ ನಿಂದರು. ನಾ ಬರೂ ಮಟ ಯಾರಿಗೂ ಮುಟ್ಟಗೊಡಬ್ಯಾಡ."

"ಯಾಕವ್ವಾ?" ಅಂದಳು ಅವಳು. ಆದರೂ ಹೋಗಿ ನಿಂತಳು.

ಬಚ್ಚಲದಲ್ಲಿ ಒಬ್ಬಳೇ ನಿಂತು ಸುತ್ತಲಿನ ಮಣ್ಣು ಮೆಲ್ಲಗೆ ಕೊರೆದು ಆ ಹೆಂಟೆ ತೆಗೆದೆ. ಹಳೆಯ ಮಣ್ಣು, ರೊಟ್ಟಿಯ ಚೂರಿನಷ್ಟು ಹಗುರಾಗಿತ್ತು. ಕೆಂಪು ಇನ್ನೂ ಕುಳಿಯ ತಳದಲ್ಲಿ ಇತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಪಡಸಾಲೆಗೆ ಬಂದೆ. ಎಡಗೈಯಲ್ಲಿ ಲಿಂಗ ಇಟ್ಟಾಗಿತ್ತು. ಬಲಗೈ ತೊಡೆಯ ಮೇಲೆ ಖಾಲಿ ಇತ್ತು. ಅದರಲ್ಲಿ ಹೆಂಟೆ ಇಟ್ಟು, ಇನ್ನೂ ಸೆಟೆಯದ ಬೆರಳುಗಳನ್ನು ಒಂದೊಂದಾಗಿ ಮಡಿಚಿದೆ.

"ಅದೇನಮ್ಮಾ?" ಅಂದರು ಅಯ್ಯನವರು.

"ಅವರವ್ವ ನಾಲ್ಕು ಒಯ್ದಾರ್ರಿ," ಅಂದೆ. "ಇದೊಂದು ಉಳಿದಿತ್ತು."